ಕೆಂಪು ಸುತ್ತು ಹಾಕದ ಅಳತೆ

ಮದುವೆಯಾದ ಹತ್ತನೆಯ ವರ್ಷ ನಮ್ಮ ಮನೆಯವರು ಒಂದು ಭಾರದ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಒಳಗೆ ಇದ್ದದ್ದು ಎರಕದ ಕಬ್ಬಿಣದ ಒಂದು ಕೈಪ್ರೆಸ್ಸು. ಉದ್ದನೆಯ ಹಿಡಿ, ಗಿಡ್ಡ ಮೈ. ನೋಡುವುದಕ್ಕೆ ಶಾವಿಗೆ ಒರಳಿನ ಹಾಗಿತ್ತು. ಅಶೋಕಪುರಂನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಸೇರಿಸಿದ ಒಂದು ಕಲ್ಲುಚಪ್ಪಡಿ ಇತ್ತು. ಅದಕ್ಕೆ ತೂತು ಕೊರೆಸಿ ಪ್ರೆಸ್ಸನ್ನು ಬಿಗಿದು ಕೂರಿಸಿದರು. ಆ ಕೋಣೆಯನ್ನು ನಾವು ಮಗುವಿಗೆ ಅಂತ ಕಟ್ಟಿಸಿದ್ದೆವು. ಆ ಹೊತ್ತಿಗೆ ಅದು ಇನ್ನು ಆಗುವ ಮಾತಲ್ಲ ಅಂತ ಇಬ್ಬರಿಗೂ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೆ.

ಇವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಮೊದಲ ಸಲ ರೈಫಲ್ ಹಿಡಿದವರು ಆಮೇಲೆ ಅದನ್ನು ಬಿಡಲೇ ಇಲ್ಲ. ಊರಿನ ರೈಫಲ್ ಕ್ಲಬ್ಬಿಗೆ ಸೇರಿದರು, ಸ್ಪರ್ಧೆಗಳಿಗೆ ಹೋದರು, ಲೈಸೆನ್ಸು ಪಡೆದರು. ಕ್ಲಬ್ಬಿಗೆ ಬರುವವರಲ್ಲಿ ಮುಕ್ಕಾಲು ಪಾಲು ಅಜ್ಜ ಮುತ್ತಜ್ಜಂದಿರ ಕಾಲದಿಂದ ಅರಮನೆಯ ಚಾಕರಿಯಲ್ಲಿದ್ದ ಮನೆತನಗಳವರು. ಈಗ ವಕೀಲರು, ಡಾಕ್ಟರುಗಳು, ಪ್ರೊಫೆಸರುಗಳು. ಅವರ ಮನೆಗಳ ಗೋಡೆಯ ಮೇಲೆ ಕೋವಿ ಮೊದಲಿನಿಂದಲೂ ತೂಗಾಡುತ್ತಿತ್ತು. ನಮ್ಮ ಮಾವ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಮ್ಮ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅತ್ತೆ ಮಾವಂದಿರ ಫೋಟೊ. ನಮ್ಮ ಬೀದಿಯಿಂದ ಆ ಕ್ಲಬ್ಬಿಗೆ ರೈಫಲ್ ಹಿಡಿದು ಹೋದವರಲ್ಲಿ ಇವರೇ ಮೊದಲು. ಯಾರೂ ಇವರನ್ನು ಬೇಡ ಅನ್ನಲಿಲ್ಲ. ಆದರೆ ಟೀ ಕುಡಿಯುವಾಗ ಇವರ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೊಡ್ಡ ರೈಫಲ್ಲಿಗೆ ಬೇಕಾದ ಕಾಡತೂಸು ಹೊರದೇಶದಿಂದ ಬರಬೇಕಿತ್ತು. ಬಂದರೆ ಬಂತು, ಇಲ್ಲದಿದ್ದರೆ ಆರು ತಿಂಗಳು ಸುಮ್ಮನೆ ಕೂರಬೇಕು. ಅದಕ್ಕೇ ಇವರು ಮನೆಯಲ್ಲೇ ಕಾಡತೂಸು ತುಂಬುವುದಕ್ಕೆ ಎರಡು ವರ್ಷ ಅಲೆದು ಅನುಮತಿ ಮಾಡಿಸಿಕೊಂಡದ್ದು. ಒಂದು ಸಲ ಹೊಡೆದ ಹಿತ್ತಾಳೆಯ ಖಾಲಿ ಕೇಸನ್ನು ಪ್ರೆಸ್ಸಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುವುದು, ಬುಡಕ್ಕೆ ಮದ್ದು ಹೊತ್ತಿಸುವ ಹೊಸ ಕ್ಯಾಪ್ ಕೂರಿಸುವುದು, ಒಳಗೆ ಮದ್ದು ತೂಗಿ ಹಾಕುವುದು, ಬಾಯಿಗೆ ಗುಂಡು ಒತ್ತುವುದು. ಇಷ್ಟೇ ಕೆಲಸ. ಇಷ್ಟರಲ್ಲಿ ಎಲ್ಲಿ ತಪ್ಪಿದರೂ ಸಿಡಿಯುವುದು ಕೆನ್ನೆಗೆ ಆನಿಸಿಕೊಂಡ ರೈಫಲ್ಲಿನ ಒಳಗೆ.

ನಾನು ಕಡಕೊಳದ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೆಲಸಕ್ಕಿದ್ದೆ. ಪಂಪಿಗೆ ಹೋಗುವ ಶಾಫ್ಟುಗಳನ್ನು ಮೈಕ್ರೊಮೀಟರಿನಲ್ಲಿ ಹಿಡಿದು ನೋಡಿ ಪಾಸ್ ಅಥವಾ ರಿಜೆಕ್ಟ್ ಮಾಡುವುದು ನನ್ನ ಕೆಲಸ. ಒಂದು ಸಂಜೆ ಕಾಫಿ ಕೊಡಲು ಹೋದಾಗ ಇವರು ಹಿತ್ತಾಳೆಯ ಕೇಸನ್ನು ಅಳೆಯಲು ಒದ್ದಾಡುತ್ತಿದ್ದರು. ಮೈಕ್ರೊಮೀಟರನ್ನು ನಲ್ಲಿ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದರು.

"ಹಂಗಲ್ಲ ಕಣ್ರೀ ಹಿಡಿಯೋದು, ಕೊಡಿ ಇಲ್ಲಿ," ಅಂದೆ.

ಕೊಟ್ಟರು. ಅವತ್ತಿನಿಂದ ಅಳತೆಯ ಕೆಲಸ ನನ್ನದಾಯಿತು.

ಕ್ಲಬ್ಬಿನಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಸೇನೆಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಅವರು ಒಂದು ದಿನ ಮನೆಗೆ ಬಂದು ನಮ್ಮಿಬ್ಬರಿಗೂ ಪಾಠ ಹೇಳಿದರು. ಮದ್ದು ಉರಿದಾಗ ಒಳಗೆ ಎಷ್ಟು ಒತ್ತಡ ಆಯಿತು ಅಂತ ಅಳೆಯುವ ಯಂತ್ರ ಮನೆಯಲ್ಲಿರುವುದಿಲ್ಲ. ಹೊಡೆದ ಕೇಸನ್ನು ನೋಡಿ ತಿಳಿಯಬೇಕು. ಒತ್ತಡ ಜಾಸ್ತಿಯಾಗಿದ್ದರೆ ಬುಡದಲ್ಲಿರುವ ಕ್ಯಾಪಿನ ದುಂಡನೆಯ ಅಂಚು ಚಪ್ಪಟೆಯಾಗಿರುತ್ತದೆ. ಬುಡದ ಮೇಲೆ ಉಜ್ಜಿದ ಹಾಗೆ ಒಂದು ಹೊಳಪಿನ ಗುರುತು ಬೀಳುತ್ತದೆ. ಹೊಡೆದ ಮೇಲೆ ರೈಫಲ್ಲಿನ ಹಿಂಬದಿ ಮುಚ್ಚುವ ಬೋಲ್ಟು ಎತ್ತುವುದಕ್ಕೆ ಬಿಗಿಯಾಗುತ್ತದೆ. ಇದೆಲ್ಲಕ್ಕೂ ಮೊದಲು ಕೇಸಿನ ಬುಡ ಹಿಗ್ಗುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ, ಮೈಕ್ರೊಮೀಟರಿಗೆ ಮಾತ್ರ ಕಾಣುತ್ತದೆ.

"ಒಂದ್ ಮಾತು ಗ್ಯಾಪಕ ಮಡಿಕ್ಕಳಿ," ಅಂದರು ಆ ಹಿರಿಯರು. "ಗುರ್ತು ಕಾಣ್ತು ಅಂದ್ರೆ ಅಪಾಯ ಬರ್ತದೆ ಅಂತಲ್ಲ. ಆಗ್ಲೇ ಬಂದು ನಿಂತದೆ ಅಂತ. ಗುರ್ತು ಕಾಣ್ಲಿಲ್ಲ ಅಂದ್ಬುಟ್ಟು ಎಲ್ಲಾ ಸರಿಯಾಗದೆ ಅಂತಾನೂ ಅಲ್ಲ. ಅಮ್ಮಾವ್ರು ಅಳೀತಾರೆ ಅಂದ್ರಲ್ಲ, ಅವ್ರ ಮಾತು ಕೇಳಿ."

ನಾನು ಒಂದು ಉದ್ದನೆಯ ನೋಟ್‌ಬುಕ್ ಇಟ್ಟೆ. ಪ್ರತಿ ಕೇಸಿಗೂ ಒಂದು ಸಂಖ್ಯೆ. ಹೊಡೆಯುವ ಮೊದಲು ಬುಡ ಎಷ್ಟಿತ್ತು, ಹೊಡೆದ ಮೇಲೆ ಎಷ್ಟಾಯಿತು. ಸಾಮಾನ್ಯವಾಗಿ ಹಿಗ್ಗುತ್ತಿದ್ದದ್ದು ಒಂದು ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲು. ಅದಕ್ಕಿಂತ ಜಾಸ್ತಿಯಾದರೆ ಕಾರ್ಖಾನೆಯಲ್ಲಿ ಮಾಡುವ ಹಾಗೆ ಅಂಕಿಯ ಸುತ್ತ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದೆ. "ಇದು ಬೇಡ" ಅಂತ ಕೂಗಿ ಹೇಳುತ್ತಿದ್ದೆ. ಇವರು ಒಂದು ದಿನವೂ ಯಾಕೆ ಅಂತ ಕೇಳಿದವರಲ್ಲ. ಮದ್ದು ಕಡಿಮೆ ಮಾಡಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಆ ಹನ್ನೊಂದು ವರ್ಷ ನಾವು ಸುಖವಾಗಿದ್ದೆವು ಅಂತ ಈಗ ಅನ್ನಿಸುತ್ತದೆ. ಸಂಜೆ ಆರೂವರೆಗೆ ಹಿಂದಿನ ಕೋಣೆಗೆ ಹೋಗುತ್ತಿದ್ದೆವು. ಮದ್ದು ತೂಗುವ ತಕ್ಕಡಿ ಗಾಳಿಗೆ ಅಲ್ಲಾಡುತ್ತದೆ ಅಂತ ಫ್ಯಾನು ಹಾಕುವ ಹಾಗಿರಲಿಲ್ಲ. ಇಬ್ಬರೂ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಿದ್ದೆವು. ಮದ್ದು ತೂಗುವಾಗ ಇವರ ನಾಲಿಗೆಯ ತುದಿ ಶಾಲೆಯ ಹುಡುಗರ ಹಾಗೆ ತುಟಿಯಿಂದ ಆಚೆ ಬರುತ್ತಿತ್ತು. ಆಗ ಮಾತಾಡಬಾರದು ಅನ್ನುವುದು ನಿಯಮ. ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಒಂದು ಗಂಟೆ ಮಾತೇ ಮಾತು. ಮೂರನೆಯ ವರ್ಷ ರಾಜ್ಯಮಟ್ಟದಲ್ಲಿ ಕಂಚಿನ ಪದಕ ಬಂತು. ಆಮೇಲೆ ಒಂದು ದಿನ ಅರಮನೆಯ ಕಡೆಯ ಹಳೆಯ ಮನೆತನದ ಡಾಕ್ಟರೊಬ್ಬರು ಇವರ ಪಕ್ಕದ ಕುರ್ಚಿಗೆ ತಾವಾಗಿಯೇ ಬಂದು ಕೂತು, "ನಿಮ್ಮ ಕಾಡತೂಸಿನ ಗುಟ್ಟೇನು ಸ್ವಲ್ಪ ಹೇಳಿ," ಅಂತ ಕೇಳಿದರಂತೆ. ಇವರು ಮನೆಗೆ ಬಂದು ಅದನ್ನು ಮೂರು ಸಲ ಹೇಳಿದರು. "ಗುಟ್ಟೇನಿಲ್ಲ ಸಾರ್, ನಮ್ಮನೇಲಿ ಒಬ್ರು ಇನ್ಸ್‌ಪೆಕ್ಟರು ಅವ್ರೆ ಅಂದೆ," ಅಂತ ನಕ್ಕರು.

ಅದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳಿದ ದಿನದಿಂದ ಎಲ್ಲ ಕೆಟ್ಟಿತು.

ಅದು ನಾದಿನಿಯ ಮನೆಯ ಗೃಹಪ್ರವೇಶ. ನಂಜನಗೂಡು ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಳು. ಊಟವಾದ ಮೇಲೆ ನಲವತ್ತು ಜನ ಶಾಮಿಯಾನದ ಕೆಳಗೆ ಕೂತಿದ್ದೆವು. ಯಾರದೋ ಮಗುವನ್ನು ನಾನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ದೂರದ ಚಿಕ್ಕಮ್ಮನೊಬ್ಬಳು, "ಇಂಗೇ ಒಂದು ನಿನ್ನ ಮಡ್ಲಲ್ಲೂ ಇರ್ಬೇಕಿತ್ತು ಕಣಮ್ಮ," ಅಂದಳು. ಅಂಥ ಮಾತು ನನಗೆ ಹೊಸದಲ್ಲ. ನಕ್ಕು ಸುಮ್ಮನಾಗುತ್ತಿದ್ದೆ. ಅಷ್ಟರಲ್ಲಿ ಇವರು ಎಲೆಯಡಿಕೆ ಮಡಿಸುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ನಮ್ಮೋಳು ಬಲೇ ಇನ್ಸ್‌ಪೆಕ್ಟರು. ಬಂದಿದ್ದನ್ನೆಲ್ಲ ರಿಜೆಕ್ಟ್ ಮಾಡಿ ಮಾಡಿ ಕಳಿಸ್ಬುಟ್ಲು. ಒಂದೂ ಪಾಸಾಗ್ಲಿಲ್ಲ."

ಎಲ್ಲರೂ ನಕ್ಕರು. ಇವರೂ ನಕ್ಕರು. ನನಗೆ ಮೂರು ಸಲ ಗರ್ಭ ನಿಂತು ಇಳಿದುಹೋಗಿತ್ತು. ಆ ಮೂರು ಸಲವೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಿದ್ದವರು ಇವರೇ. ಆ ಚಿಕ್ಕಮ್ಮನ ಬಾಯಿ ಮುಚ್ಚಿಸಲು, ನನ್ನನ್ನು ಕಾಪಾಡಲು ಹಾಗೆ ಅಂದರು ಅಂತ ಈಗ ಅರ್ಥವಾಗುತ್ತದೆ. ಅವತ್ತು ಅರ್ಥವಾಗಲಿಲ್ಲ. ಮಗುವನ್ನು ಅದರ ತಾಯಿಗೆ ಕೊಟ್ಟು ಎದ್ದು ಬಂದೆ. ಮನೆಗೆ ಬರುವ ದಾರಿಯಲ್ಲಿ ಇವರು, "ಯಾಕೆ, ಏನಾಯ್ತು?" ಅಂತ ಒಂದು ಸಲ ಕೇಳಿದರು. ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ. ಅವತ್ತಿನಿಂದ ಮಾತು ನಿಂತಿತು.

ಅಡುಗೆ ಮಾಡಿದೆ, ಬಡಿಸಿದೆ, ಬಟ್ಟೆ ಒಗೆದೆ. ಮಾತು ಮಾತ್ರ ಇಲ್ಲ. ಇವರೂ ಎರಡು ದಿನ ನೋಡಿ ಸುಮ್ಮನಾದರು. ಇವರಿಗೂ ಹಟ ಕಡಿಮೆಯದಲ್ಲ.

ಅದೇ ವಾರ ಇವರ ಹಳೆಯ ಮದ್ದಿನ ಡಬ್ಬಿ ಖಾಲಿಯಾಗಿ ಹೊಸ ಡಬ್ಬಿ ಬಂದಿತ್ತು. ಹೆಸರು ಅದೇ, ಆದರೆ ಬೇರೆ ಸಲ ತಯಾರಾದದ್ದು, ಉರಿಯುವ ಜೋರು ಬೇರೆ ಇರಬಹುದು. ಡಬ್ಬಿ ಬದಲಾದರೆ ಕಡಿಮೆ ಮದ್ದಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತ ಪ್ರತಿ ಹಂತದಲ್ಲೂ ಅಳೆದು ನೋಡಬೇಕು. ರಾಜ್ಯಮಟ್ಟದ ಸ್ಪರ್ಧೆಗೆ ಮೂರೇ ವಾರ ಉಳಿದಿತ್ತು. ಇವರು ಸ್ವಲ್ಪ ಕಡಿಮೆ ಮಾಡಿದರು, ಆದರೆ ಕಡಿಮೆ ಮಾಡಬೇಕಾದಷ್ಟು ಮಾಡಲಿಲ್ಲ. ಹತ್ತು ಕಾಡತೂಸು ತುಂಬಿ ಭಾನುವಾರ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೋಗಿ ಹೊಡೆದು ಬಂದರು. ಹತ್ತು ಖಾಲಿ ಕೇಸುಗಳನ್ನು ಎಂದಿನಂತೆ ಚಪ್ಪಡಿಯ ಮೇಲೆ ಸಾಲಾಗಿ ನಿಲ್ಲಿಸಿದರು.

ಸೋಮವಾರ ಸಂಜೆ ಕೆಲಸದಿಂದ ಬಂದು, ಇವರು ಮನೆಗೆ ಬರುವ ಮೊದಲೇ ಅಳತೆ ಮುಗಿಸಿಬಿಡೋಣ ಅಂತ ಕೂತೆ. ಒಂದೇ ಕೋಣೆಯಲ್ಲಿ ಮಾತಿಲ್ಲದೆ ಕೂರುವುದು ನನಗೆ ಬೇಡವಾಗಿತ್ತು. ಮೊದಲನೆಯ ಕೇಸು ಹಿಡಿದೆ. ಹಿಗ್ಗಿದ್ದು ಎಂದಿಗಿಂತ ಮೂರು ಪಟ್ಟು. ಮೈಕ್ರೊಮೀಟರನ್ನು ಒರೆಸಿ, ಸೊನ್ನೆ ಸರಿಯಿದೆಯೇ ನೋಡಿ, ಇನ್ನೊಂದು ಸಲ ಹಿಡಿದೆ. ಅಷ್ಟೇ ಬಂತು. ಎರಡನೆಯದೂ ಹಾಗೆಯೇ. ಹತ್ತರಲ್ಲಿ ಏಳು ಹಾಗೆಯೇ ಇದ್ದವು. ಕ್ಯಾಪುಗಳು ಚಪ್ಪಟೆಯಾಗಿರಲಿಲ್ಲ, ಹೊಳಪಿನ ಗುರುತೂ ಇರಲಿಲ್ಲ. ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಕೆಂಪು ಪೆನ್ನನ್ನು ಕೈಗೆ ತೆಗೆದುಕೊಂಡೆ. ಮುಚ್ಚಳವನ್ನೂ ತೆಗೆದೆ.

ಆಮೇಲೆ ಏನು ಯೋಚಿಸಿದೆ ಅನ್ನುವುದನ್ನು ಎಷ್ಟೋ ಸಲ ಬಿಡಿಸಿ ನೋಡಿಕೊಂಡಿದ್ದೇನೆ. ಇವರಿಗೆ ಕೆಟ್ಟದ್ದಾಗಲಿ ಅಂತ ನಾನು ಯೋಚಿಸಲಿಲ್ಲ. ಅದೊಂದನ್ನು ಪ್ರಮಾಣ ಮಾಡಿ ಹೇಳಬಲ್ಲೆ. "ರಿಜೆಕ್ಟ್ ಮಾಡಿ ಮಾಡಿ ಕಳಿಸ್ಬುಟ್ಲು" ಅನ್ನುವ ಮಾತು ಕಿವಿಯಲ್ಲಿತ್ತು. ನಾನು ಯಾಕೆ ರಿಜೆಕ್ಟ್ ಮಾಡಲಿ? ಅಂಕಿ ಇದೆಯಲ್ಲ, ಇವರಿಗೂ ಓದಲು ಬರುತ್ತದೆ. ನೋಡಲಿ. ನೋಡಿ ಅಡುಗೆಮನೆಯ ಬಾಗಿಲಿಗೆ ಬಂದು, "ಏನೇ ಇದು, ಇಷ್ಟೊಂದು ಯಾಕೆ ಬಂದದೆ?" ಅಂತ ಕೇಳಲಿ. ಕೇಳಿದರೆ ಹೇಳುತ್ತೇನೆ. ಇಷ್ಟೇ ನನ್ನ ಲೆಕ್ಕ. ಇವರೇ ಮೊದಲು ಮಾತಾಡಲಿ ಅನ್ನುವುದು ನನಗೆ ಬೇಕಾಗಿತ್ತು. ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ಕನ್ನು ಅದರ ಜಾಗದಲ್ಲಿಟ್ಟು ಎದ್ದು ಬಂದೆ.

ಮಂಗಳವಾರ ಇವರು ಕೇಳಲಿಲ್ಲ. ಬುಧವಾರವೂ ಕೇಳಲಿಲ್ಲ. ಗುರುವಾರ ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಹಿಂದಿನ ಕೋಣೆಯಿಂದ ಪ್ರೆಸ್ಸಿನ ಹಿಡಿ ಇಳಿಯುವ ಸದ್ದು ಬಂತು. ಒಂದು, ಎರಡು, ಮೂರು. ಹಳೆಯದೇ ಲೆಕ್ಕದಲ್ಲಿ ತುಂಬುತ್ತಿದ್ದಾರೋ, ಕಡಿಮೆ ಮಾಡಿದ್ದಾರೋ ಗೊತ್ತಿಲ್ಲ. ನೋಡಿರುತ್ತಾರೆ, ಕಡಿಮೆ ಮಾಡಿರುತ್ತಾರೆ ಅಂದುಕೊಂಡೆ. ಹತ್ತು ಹೆಜ್ಜೆ ಹೋಗಿ ಕೇಳಬಹುದಿತ್ತು. ಒಲೆಯ ಮುಂದೆ ನಿಂತೇ ಇದ್ದೆ. ಇಪ್ಪತ್ತು ಸಲ ಸದ್ದು ಬಂದು ನಿಂತಿತು.

ಭಾನುವಾರ ಇವರು ಹೊರಟಾಗ ಬಿಸಿಲು ಏರಿತ್ತು. ಏಪ್ರಿಲ್ ತಿಂಗಳು. ಕಾಡತೂಸಿನ ಪೆಟ್ಟಿಗೆಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟರು. ಕ್ಲಬ್ಬಿನಲ್ಲಿ ಅವತ್ತು ಬೇರೆಯವರ ಸರದಿ ಮುಗಿಯುವ ತನಕ ಎರಡು ಗಂಟೆ ಸ್ಕೂಟರು ಬಿಸಿಲಲ್ಲೇ ನಿಂತಿತ್ತಂತೆ. ಬಿಸಿಯಾದ ಮದ್ದು ಇನ್ನೂ ಜೋರಾಗಿ ಉರಿಯುತ್ತದೆ. ಇದು ಇವರಿಗೆ ಗೊತ್ತು, ನನಗೂ ಗೊತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಇವರು ಸ್ವಲ್ಪ ಹೊತ್ತು ನಿಂತರು. ನಾನು ಬಟ್ಟೆ ಹಿಂಡುತ್ತಿದ್ದೆ. ತಿರುಗಿ ನೋಡಲಿಲ್ಲ.

ಹನ್ನೆರಡರ ಹೊತ್ತಿಗೆ ಕ್ಲಬ್ಬಿನ ಕಾರ್ಯದರ್ಶಿಯ ಫೋನು ಬಂತು.

"ಮೇಡಂ, ಗಾಬರಿ ಆಗ್ಬೇಡಿ. ಸಾರ್‌ಗೆ ಸ್ವಲ್ಪ ಪೆಟ್ಟಾಗಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೀವಿ. ನೀವು ನೇರ ಅಲ್ಲಿಗೇ ಬಂದ್ಬಿಡಿ."

"ಎಲ್ಲಿಗೆ ಪೆಟ್ಟು?" ಅಂತ ಕೇಳಿದೆ. ಆದರೆ ನನಗೆ ಆಗಲೇ ಗೊತ್ತಿತ್ತು.

ಹನ್ನೊಂದನೆಯ ಗುಂಡಿಗೆ ಕೇಸಿನ ಬುಡ ಹರಿದು ಉರಿಯುವ ಗಾಳಿ, ಹಿತ್ತಾಳೆಯ ಚೂರುಗಳು ಹಿಂದಕ್ಕೆ ನುಗ್ಗಿದ್ದವು. ಹೊಡೆಯುವಾಗ ಹಾಕಿಕೊಳ್ಳುವ ಕನ್ನಡಕವನ್ನು ಬೆವರು ಒರೆಸಲು ತೆಗೆದಿದ್ದವರು, ಇವರು ಮತ್ತೆ ಹಾಕಿಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ನೋಡಿದಾಗ ಅರ್ಧ ಮುಖಕ್ಕೆ ಬಟ್ಟೆ ಸುತ್ತಿತ್ತು. ಹುಬ್ಬು ಸುಟ್ಟ ವಾಸನೆ. ನನ್ನ ಹೆಜ್ಜೆಯ ಸದ್ದು ಗುರುತಿಸಿ ಕೈ ಚಾಚಿದರು. ಹತ್ತು ಹನ್ನೆರಡು ದಿನಗಳಾದ ಮೇಲೆ ಇವರು ನನಗೆ ಆಡಿದ ಮೊದಲ ಮಾತು, "ಊಟ ಮಾಡಿದ್ಯಾ?" ಅನ್ನುವುದು.

ಡಾಕ್ಟರಮ್ಮ ಮೂರನೆಯ ದಿನ ನನ್ನನ್ನು ಹೊರಗೆ ಕರೆದು, ಬಲಗಣ್ಣು ಉಳಿಯುವುದಿಲ್ಲ, ಹಾಗೆಯೇ ಬಿಟ್ಟರೆ ಇನ್ನೊಂದಕ್ಕೂ ತೊಂದರೆ ಬರಬಹುದು, ತೆಗೆಯಬೇಕು ಅಂದರು. ಕಾಗದ ಕೊಟ್ಟರು. ನಾನು ಸಹಿ ಮಾಡಿದೆ. ಅದು ನೋಟ್‌ಬುಕ್ಕಿನ ಅಂಕಿಗಳಷ್ಟೇ ನೆಟ್ಟಗೆ ಬಂದಿದ್ದಕ್ಕೆ ಆಮೇಲೆ ನನಗೇ ಹೇಸಿಗೆಯಾಯಿತು.

ಪೊಲೀಸರು ಮನೆಗೆ ಬಂದರು. ಸ್ಫೋಟ ಅಂದಮೇಲೆ ಬರಲೇಬೇಕು. ಮರ್ಯಾದೆಯಿಂದಲೇ ನಡೆದುಕೊಂಡರು. ರೈಫಲ್ಲು, ಉಳಿದ ಮದ್ದು, ಅನುಮತಿಯ ಕಾಗದಗಳು, ನೋಟ್‌ಬುಕ್ಕು ಎಲ್ಲವನ್ನೂ ಪಟ್ಟಿ ಮಾಡಿ ತೆಗೆದುಕೊಂಡರು. ಸಬ್‌ಇನ್ಸ್‌ಪೆಕ್ಟರ್ ನೋಟ್‌ಬುಕ್ಕಿನ ಹಾಳೆ ತಿರುವುತ್ತ ಕೇಳಿದರು.

"ಇದು ಯಾರ ಕೈಬರಹ ಅಮ್ಮ?"

"ನಂದು ಸಾರ್."

"ಏನಿದು, ಲೆಕ್ಕ?"

"ಅಳತೆ ಸಾರ್. ಖಾಲಿ ಕೇಸಿಂದು."

ಕೊನೆಯ ಪುಟಕ್ಕೆ ಬಂದರು. "ಇದ್ರಲ್ಲಿ ತಪ್ಪೇನಾದ್ರೂ ಕಾಣ್ತಿತ್ತಾ ನಿಮ್ಗೆ? ಅಪಾಯ ಅಂತ?"

"ಇಲ್ಲ ಸಾರ್. ಬರೀ ಅಳತೆ ಅಷ್ಟೆ," ಅಂದೆ.

ಅವರು ತಲೆಯಾಡಿಸಿ ಪುಸ್ತಕ ಮುಚ್ಚಿದರು.

ಇವರು ಮನೆಗೆ ಬಂದರು. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತಿತ್ತು. ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಅಂತ ಕಾಲಲ್ಲಿ ತಡವುತ್ತಿದ್ದರು. ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿ ತಾಗಿ ಚರ್ಮದ ಮೇಲೆ ಯಾವಾಗಲೂ ಒಂದು ಹಸಿರುಗಟ್ಟಿದ ಕಲೆ. ಒಂದು ಶನಿವಾರ ಅರ್ಧ ದಿನ ಕೆಲಸ ಮುಗಿಸಿ ನಾನು ಬೇಗ ಬಂದಾಗ ಇವರು ಹಾಲ್‌ನಲ್ಲಿ ನಿಂತು ಕೊಡೆಯನ್ನು ಎಡಭುಜಕ್ಕೆ ಆನಿಸಿಕೊಂಡು ಎದುರಿನ ಬಾಗಿಲ ಚಿಲಕಕ್ಕೆ ಗುರಿಯಿಟ್ಟಿದ್ದರು. ನನ್ನನ್ನು ಕಂಡು ಕೊಡೆಯನ್ನು ಮೂಲೆಗೆ ಇಟ್ಟು, "ಮಳೆ ಬರೋ ಹಂಗದೆ," ಅಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಕೃತಕ ಕಣ್ಣು ಮಾಡುವವರ ಹತ್ತಿರ ಹೋದಾಗ ಅವರು ಒಂದು ಪೆಟ್ಟಿಗೆ ತೆರೆದು ಬಣ್ಣಬಣ್ಣದ ಪಾಪೆಗಳ ಮಾದರಿಗಳನ್ನು ಹರಡಿದರು. ಇವರ ಎಡಗಣ್ಣಿಗೆ ಯಾವುದು ಹೋಲುತ್ತದೆ ಅಂತ ಹೆಂಡತಿಯೇ ಚೆನ್ನಾಗಿ ಹೇಳಬಲ್ಲರು ಅಂದರು. ಇವರು ನನ್ನ ಕಡೆ ಮುಖ ತಿರುಗಿಸಿ, ಕಣ್ಣು ಮಿಟುಕಿಸದೆ ಕೂತರು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ನಾನು ಆ ಕಣ್ಣನ್ನು ನೋಡಿರಲಿಲ್ಲ. ಜೇನಿನ ಬಣ್ಣ, ಅಂಚಿನಲ್ಲಿ ಸ್ವಲ್ಪ ಕಪ್ಪು. ಸಿಕ್ಕಿದ್ದೊಂದನ್ನು ತೋರಿಸಿ ಹೊರಗೆ ಬಂದುಬಿಟ್ಟೆ.

ಕ್ಲಬ್ಬಿನಲ್ಲಿ ಮಾತು ಶುರುವಾಗಿತ್ತು. ಮನೆಯಲ್ಲಿ ತುಂಬಿದ್ದರಂತೆ, ಗೊತ್ತಿಲ್ಲದವರಿಗೆಲ್ಲ ಅನುಮತಿ ಕೊಟ್ಟರೆ ಇನ್ನೇನಾಗುತ್ತದೆ ಅಂತ. ಗುಟ್ಟು ಕೇಳಿದ್ದ ಆ ಡಾಕ್ಟರು ಒಂದು ದಿನ ಹಣ್ಣು ತಂದುಕೊಟ್ಟು ಹೋದರು. ಅದಾದ ಮೇಲೆ ಯಾರೂ ಬರಲಿಲ್ಲ. ಇಷ್ಟು ವರ್ಷದಲ್ಲಿ ಇವರು ಗಳಿಸಿದ ಹೆಸರು ಒಂದು ಬೆಳಗಿನಲ್ಲಿ ಹೋಯಿತು. ನನ್ನ ಒಂದು ಮಾತು ಅದನ್ನು ಉಳಿಸುತ್ತಿತ್ತು.

ಎರಡು ವರ್ಷ ನಾನು ಹೇಳಲಿಲ್ಲ. ಕಾರ್ಖಾನೆಯಲ್ಲಿ ಶಾಫ್ಟು ಹಿಡಿದರೆ ಅಂಕಿಯ ಮೇಲೆ ನಂಬಿಕೆಯೇ ಬರುತ್ತಿರಲಿಲ್ಲ. ಒಂದೊಂದನ್ನೂ ನಾಲ್ಕು ನಾಲ್ಕು ಸಲ ಅಳೆಯುತ್ತಿದ್ದೆ. ಚೆನ್ನಾಗಿದ್ದ ಮಾಲನ್ನೂ ರಿಜೆಕ್ಟ್ ಮಾಡಿದೆ ಅಂತ ಮೇಲಿನವರು ಎರಡು ಸಲ ಕರೆದು ಕೇಳಿದರು. ಕೊನೆಗೆ ನಾನೇ ಕೇಳಿಕೊಂಡು ಸ್ಟೋರ್ಸಿಗೆ ಹಾಕಿಸಿಕೊಂಡೆ. ಈಗ ಅಲ್ಲಿ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತೇನೆ.

ಆಷಾಢದ ಒಂದು ಮಧ್ಯಾಹ್ನ ಪೊಲೀಸ್ ಠಾಣೆಯಿಂದ ಕಾಗದಪತ್ರ ವಾಪಸು ಬಂದವು. ಇವರೇ ಹೋಗಿ ತಂದರು. ನೋಟ್‌ಬುಕ್ಕು ಊಟದ ಮೇಜಿನ ಮೇಲಿತ್ತು. ಇವರು ಅದರ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಆ ಪುಸ್ತಕ ಇನ್ನೊಂದು ದಿನ ಮನೆಯಲ್ಲಿದ್ದರೆ ನಾನು ಹುಚ್ಚಿಯಾಗುತ್ತೇನೆ ಅನ್ನಿಸಿತು.

"ರೀ, ನಿಮ್ಗೊಂದು ವಿಷಯ ಹೇಳ್ಬೇಕು," ಅಂದೆ.

"ಹೇಳು."

"ಆ ಕೊನೇ ಹತ್ತು ಕೇಸು. ತುಂಬಾ ಹಿಗ್ಗಿದ್ವು. ಅಳೀವಾಗ್ಲೇ ನಂಗೆ ಗೊತ್ತಾಗಿತ್ತು. ಬೇಕು ಅಂತಾನೇ ಹೇಳ್ಲಿಲ್ಲ ನಾನು. ಸುತ್ತು ಹಾಕ್ಲಿಲ್ಲ."

ಇವರು ಬೆಳ್ಳುಳ್ಳಿಯ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಎಸಳು ಬಿಡಿಸಿ, "ನಂಗೊತ್ತು ಕಣೆ," ಅಂದರು.

"ಏನು ಗೊತ್ತು?"

"ಗುರುವಾರ ತುಂಬೋಕ್ಮುಂಚೆ ಪುಸ್ತಕ ತೆಗ್ದು ನೋಡ್ದೆ. ನಂಬರು ಜಾಸ್ತಿ ಅನ್ನುಸ್ತು. ಅದ್ರ ಹಿಂದಿನ ಭಾನುವಾರ ಬೋಲ್ಟೂ ಒಂಚೂರು ಬಿಗಿ ಇತ್ತು. ಆದ್ರೆ ಸುತ್ತು ಇರ್ಲಿಲ್ಲ."

ನಾನು ಕುರ್ಚಿಯ ಮೇಲೆ ಕೂತೆ.

"ಸುತ್ತು ಇಲ್ಲ ಅಂದ್ಮೇಲೆ ನಮ್ಮೋಳು ಪಾಸ್ ಮಾಡವ್ಳೆ ಅಂದ್ಕಂಡೆ," ಅಂದರು. "ಅದ್ರಲ್ಲಿ ನಂಗಿಂತ ನಿಂಗೇ ಚೆನ್ನಾಗ್ ಗೊತ್ತಲ್ವಾ? ಅಪಾಯ ಅಂತಿದ್ರೆ ಎಷ್ಟ್ ಕೋಪ ಇದ್ರೂ ಹೇಳ್ದೇ ಇರಲ್ಲ ಅಂದ್ಕಂಡೆ."

"ಒಂದು ಮಾತು ಕೇಳ್ಬೋದಿತ್ತಲ್ಲ ನನ್ನ."

"ಕೇಳ್ಬೋದಿತ್ತು. ನೀನೇ ಮೊದ್ಲು ಮಾತಾಡ್ಲಿ ಅಂತ ಬುಟ್ಬುಟ್ಟೆ."

ಬೈಯುತ್ತಾರೆ ಅಂತ ಎರಡು ವರ್ಷ ಕಾದಿದ್ದೆ. ಬೈದಿದ್ದರೆ, ಮನೆಯಿಂದ ಆಚೆ ಹೋಗು ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇವರು ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಅಂಗೈಯಲ್ಲಿ ಗುಡಿಸಿಕೊಂಡು ಎದ್ದು ಹೋದರು. ಗೃಹಪ್ರವೇಶದ ದಿನದ ಮಾತಿಗೆ ಇವರು ಕ್ಷಮೆ ಕೇಳಲಿಲ್ಲ. ಸುತ್ತು ಹಾಕದ್ದಕ್ಕೆ ನಾನೂ ಕೇಳಲಿಲ್ಲ. ಕೇಳಿ ಪ್ರಯೋಜನ ಇರಲಿಲ್ಲ. ನನ್ನನ್ನು ನಂಬಿದ್ದಕ್ಕೆ ಇವರ ಕಣ್ಣು ಹೋಗಿತ್ತು.

ಮರುದಿನ ನೋಟ್‌ಬುಕ್ಕು ಮೇಜಿನ ಮೇಲಿರಲಿಲ್ಲ. ಇವರು ಎಲ್ಲಿಟ್ಟರೋ, ಸುಟ್ಟರೋ, ನಾನು ಕೇಳಲಿಲ್ಲ.

ಹೋದ ಮಾಘ ಮಾಸದಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿ ಇವರನ್ನು ಕರೆದರು. ಹೊಸಬರು ಕೆಲವರು ಕಾಡತೂಸು ತುಂಬುವ ಅನುಮತಿಗೆ ಅರ್ಜಿ ಹಾಕಿದ್ದಾರೆ, ಒತ್ತಡದ ವಿಷಯದಲ್ಲಿ ಅನುಭವಸ್ಥರು ನಾಲ್ಕು ಮಾತು ಹೇಳಿದರೆ ಒಳ್ಳೆಯದು ಅಂದರು. ಇವರು ಒಲ್ಲೆ ಅನ್ನುತ್ತಾರೆ ಅಂದುಕೊಂಡೆ. ಒಪ್ಪಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, "ನೀನೂ ಬಾ," ಅಂದರು. ಇವರಿಗೆ ಈಗ ಸ್ಕೂಟರು ಬಿಡಲು ಆಗುವುದಿಲ್ಲ. ನಾನೇ ಕೂರಿಸಿಕೊಂಡು ಹೋದೆ.

ಇಪ್ಪತ್ತು ಜನ ಸೇರಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಇವರು ಖಾಲಿ ಕೇಸೊಂದನ್ನು ಎರಡು ಬೆರಳಲ್ಲಿ ಹಿಡಿದು, ಚಪ್ಪಟೆಯಾದ ಕ್ಯಾಪ್ ಹೇಗಿರುತ್ತದೆ, ಹೊಳಪಿನ ಗುರುತು ಎಲ್ಲಿ ಬೀಳುತ್ತದೆ, ಬಿಸಿಲಿಗೆ ಇಟ್ಟ ಕಾಡತೂಸು ಹೇಗೆ ಮೋಸ ಮಾಡುತ್ತದೆ ಎಲ್ಲವನ್ನೂ ನಿಧಾನವಾಗಿ, ಚೆನ್ನಾಗಿ ಹೇಳಿದರು. ಡಬ್ಬಿ ಬದಲಾದರೆ ಎಷ್ಟೇ ಅವಸರವಿದ್ದರೂ ಕೆಳಗಿನಿಂದ ಶುರುಮಾಡಿ ಅಂತ ಎರಡು ಸಲ ಹೇಳಿದರು. ಎಷ್ಟೋ ಕಾಲದ ಮೇಲೆ ಇವರ ಧ್ವನಿಯಲ್ಲಿ ಜೀವ ಕಂಡೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೈ ಎತ್ತಿ ಕೇಳಿದರು. "ಸಾರ್, ಕ್ಷಮಿಸಿ, ಕೇಳ್ಬೋದೋ ಇಲ್ವೋ ಗೊತ್ತಿಲ್ಲ. ನಿಮ್ಮ ವಿಷಯದಲ್ಲಿ ಅಳತೆ ತಗೊಂಡಿರ್ಲಿಲ್ವಾ?"

"ತಗೊಂಡಿದ್ದೆ," ಅಂದರು ಇವರು. "ನಾನೇ ತಗೊಂಡಿದ್ದೆ. ಅವಸರದಲ್ಲಿ ತಪ್ಪಾಗಿ ಅಳೆದ್ಬುಟ್ಟೆ."

ಕಾರ್ಯದರ್ಶಿಗಳು ತಲೆ ತಗ್ಗಿಸಿದರು. ಇಬ್ಬರು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯಲ್ಲಿ ತುಂಬುವವರ ಬಗ್ಗೆ ಅವರು ಆಡಿಕೊಂಡಿದ್ದೆಲ್ಲ ಸರಿ ಅಂತ ಇವರ ಬಾಯಿಂದಲೇ ಬಂದಂತಾಯಿತು. ಅಳತೆ ತಪ್ಪಿರಲಿಲ್ಲ. ಆ ವಾರ ನಾವಿಬ್ಬರೂ ಮಾಡಿದ ಕೆಲಸಗಳಲ್ಲಿ ಸರಿಯಾಗಿದ್ದದ್ದು ಅದೊಂದೇ. ನಾನು ಎದ್ದು ನಿಂತು, ಅಳೆದವಳು ನಾನು, ಅಳತೆ ಸರಿಯಿತ್ತು, ಹೇಳದೆ ಇದ್ದವಳು ನಾನು ಅನ್ನಬೇಕಿತ್ತು. ಕುರ್ಚಿಯ ಕೈ ಹಿಡಿದುಕೊಂಡೆ. ಎದ್ದೇಳಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ಯಾರೋ ವಂದನಾರ್ಪಣೆ ಶುರುಮಾಡಿದರು. ಟೀ, ಬಿಸ್ಕತ್ತು ಬಂತು. ಆ ಹೆಂಗಸು ನನ್ನ ಹತ್ತಿರ ಬಂದು, "ಎಷ್ಟು ಪ್ರಾಮಾಣಿಕವಾಗಿ ಒಪ್ಕೊಂಡ್ರು ಅಲ್ವಾ ಮೇಡಂ?" ಅಂದರು. ಹೌದು ಅಂದೆ.

ಸ್ಕೂಟರು ಹತ್ತುವಾಗ ಇವರು ಎಂದಿನಂತೆ ನನ್ನ ಭುಜ ತಡವಿ ಹಿಡಿದುಕೊಂಡು ಕೂತರು. ಚಾಮುಂಡಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ, "ಚೆನ್ನಾಗ್ ಹೇಳಿದ್ನಾ?" ಅಂತ ಕೇಳಿದರು.

"ಹೂಂ. ಚೆನ್ನಾಗ್ ಹೇಳಿದ್ರಿ," ಅಂದೆ.

ಗಾಳಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಹೇಳಿದೆ.